ಕಬ್ಬಿನ ಹೊಲದ ಬಾಣದ ಗುರುತು

ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳಲ್ಲಿ ರೇಂಜರ್ ತಂಡಗಳ ಮಾತು ಬಂದಾಗ, ಎಂದರೆ ಗೈಡ್ಸ್ ವಯಸ್ಸು ದಾಟಿ ಕಾಲೇಜಿಗೆ ಬಂದ ಹದಿನಾರು, ಹದಿನೇಳರ ಹುಡುಗಿಯರಿಗೆ ಹೈಕು ಎಂಬ ಕಾಲ್ನಡಿಗೆಯ ಪಯಣ, ಶಿಬಿರ, ಪ್ರಥಮ ಚಿಕಿತ್ಸೆ, ಸೇವೆಗಳನ್ನು ಕಲಿಸುವ ಆ ಶಿಸ್ತಿನ ಮಾತು ಬಂದಾಗ, ಶ್ರೀಮತಿ ಶಕುಂತಲಾಬಾಯಿ ಕೊಡಂಬಲ ಅವರ ಹೆಸರನ್ನು ದಾಟಿ ಮುಂದೆ ಹೋಗಲು ಬರುವುದಿಲ್ಲ. ಭೂಗೋಳದ ಉಪನ್ಯಾಸಕಿಯಾಗಿ ಮೂವತ್ತು ವರ್ಷ ದುಡಿದು, ಅದರಲ್ಲಿ ಹದಿನೇಳು ವರ್ಷ ರೇಂಜರ್ ಲೀಡರ್ ಆಗಿದ್ದು ಅವರು ಈ ಜೂನ್ ತಿಂಗಳಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರ ವಿದ್ಯಾರ್ಥಿನಿಯಾದ ನನ್ನಿಂದ ಈ ಬೀಳ್ಕೊಡುಗೆ ಸಂಚಿಕೆಯ ಸಂಪಾದಕರು ನಾಲ್ಕು ಒಳ್ಳೆಯ ಮಾತು ಕೇಳಿದ್ದಾರೆ. ನಾನು ಅಂಜುವ ಸ್ವಭಾವದವಳು. ಈ ಲೇಖನವನ್ನೂ ಅಂಜುತ್ತಲೇ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ಮುಂದೆ ತಿಳಿಯುತ್ತದೆ.

೧೯೯೧ರಲ್ಲಿ ಮೇಡಂ ಬಸವಕಲ್ಯಾಣದ ನಮ್ಮ ಕಾಲೇಜಿನಲ್ಲಿ ತಂಡ ಕಟ್ಟಿದಾಗ ಸೇರಿದವರು ಐದೇ ಹುಡುಗಿಯರು. ಮನೆಗಳಲ್ಲಿ ಒಪ್ಪಿಗೆ ಸಿಗುತ್ತಿರಲಿಲ್ಲ. ಮೇಡಂ ಒಪ್ಪಿಗೆ ಪತ್ರವನ್ನು ಹುಡುಗಿಯರ ಕೈಯಲ್ಲಿ ಕಳಿಸುತ್ತಿರಲಿಲ್ಲ. ತಾವೇ ಮನೆಮನೆಗೆ ಹೋಗಿ, ಚಹಾ ಕುಡಿದು, ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ, ಏನಾದರೂ ಆದರೆ ಯಾರು ಹೊಣೆ ಎಂಬುದನ್ನು ಹೇಳಿ, ಆಮೇಲೆ ಸಹಿ ಕೇಳುತ್ತಿದ್ದರು. ನಾನು ೧೯೯೪ರಲ್ಲಿ ಸೇರಿದಾಗ ಅಂಗಡಿಯ ಗಲ್ಲೆಯ ಮೇಲೆ ಕುಳಿತಿದ್ದ ನಮ್ಮ ತಂದೆಯ ಎದುರು ಒಂದು ತಾಸು ನಿಂತೇ ಮಾತಾಡಿದ್ದರು. ಮೊದಲ ಶಿಬಿರದಲ್ಲಿ ನನಗೆ ಜ್ವರ ಬಂದಾಗ ತಮ್ಮ ಚಾದರ ನನಗೆ ಹೊದಿಸಿ ತಾವು ಸೆರಗು ಹೊದ್ದು ಕುಳಿತಿದ್ದನ್ನೂ ಬರೆಯಬೇಕು. ಆದರೆ ನಾನು ಹೇಳಬೇಕಾದದ್ದು ಮುಖ್ಯವಾಗಿ ೧೯೯೬ರ ಜನವರಿಯ ಒಂದು ದಿನದ ವಿಷಯ.

ಆ ವರ್ಷ ನನ್ನ ತರಗತಿಯ ಶೀತಲ ಎಂಬ ಹುಡುಗಿ ತಂಡಕ್ಕೆ ಬಂದಿದ್ದಳು. ಕುರಿ ಸಾಕುವ ಮನೆತನ; ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಅವಳ ತಂದೆ ಭೀಮಶಾ ಸಹಿಯ ಬದಲು ಹೆಬ್ಬೆಟ್ಟು ಒತ್ತುವಾಗ ಮೇಡಂಗೆ ಒಂದೇ ಮಾತು ಹೇಳಿದ್ದರಂತೆ. "ಅಕ್ಕೋರ, ನಮ್ಮಕ್ಕನ ಮಗ ಲಗ್ನಕ್ಕ ಕೇಳಾಕತ್ತಾನ, ನಾನs ತಡದೀನಿ. ಒಂದು ಮಾತು ಕಿವಿಗೆ ಬಿತ್ತಂದ್ರ ಅವತ್ತs ಪುಸ್ತಕ ಬಂದ್." ಇದು ನಮಗೆಲ್ಲ ಗೊತ್ತಿತ್ತು.

ಹೈಕಿನ ದಿನ ನಾವು ಹದಿನಾರು ಮಂದಿ ಬಸ್ಸಿನಲ್ಲಿ ಹುಮನಾಬಾದಿಗೆ ಬಂದು, ಅಲ್ಲಿಂದ ಹೊಲದ ದಾರಿ ಹಿಡಿದು ಹಳ್ಳಿಖೇಡಕ್ಕೆ ಹೊರಟೆವು. ರೇಂಜರ್ ಪದ್ಧತಿಯಂತೆ ಮೊದಲ ಜೋಡಿ ಅರ್ಧ ತಾಸು ಮುಂದೆ ಹೋಗಿ, ದಾರಿ ತಿರುಗುವಲ್ಲೆಲ್ಲ ಕಲ್ಲು ಜೋಡಿಸಿ ಬಾಣದ ಗುರುತು ಮಾಡುತ್ತದೆ. ಹಿಂದಿನ ಜೋಡಿಗಳು ಹತ್ತು ಹತ್ತು ನಿಮಿಷ ಬಿಟ್ಟು ಆ ಗುರುತನ್ನೇ ನಂಬಿ ಬರುತ್ತವೆ. ಮೇಡಂ ಕೊನೆಗೆ ಬರುತ್ತಾರೆ. ಮೊದಲ ಜೋಡಿ ನಾನು ಮತ್ತು ಲತೀಫಾ.

ಕಬ್ಬು ಕಡಿಯುವ ಕಾಲ. ಒಂದು ತಿರುವಿನಲ್ಲಿ ಗಡಿಯಾಚೆಯಿಂದ ಬಂದ ಕೂಲಿಯವರ ಗುಡಿಸಲುಗಳಿದ್ದವು. ಏಳೆಂಟು ಗಂಡಸರು ಕೊಯ್ತಾ ಎಂಬ ಕಬ್ಬಿನ ಕತ್ತಿ ಮಸೆಯುತ್ತ ಕುಳಿತಿದ್ದರು. ನನ್ನ ಕಾಲು ನಿಂತುಬಿಟ್ಟಿತು.

"ಅವರು ಕಬ್ಬು ಕಡಿಯೋ ಮಂದಿ ಅದಾರ, ನಿನ್ನ ಕಡಿಯಂಗಿಲ್ಲ, ನಡಿ," ಎಂದಳು ಲತೀಫಾ.

ನಾನು ಕೇಳಲಿಲ್ಲ. ಅವರ ಮುಂದಿನಿಂದ ಹೋಗುವುದು ಬೇಡವೆಂದು ಎಡಕ್ಕೆ, ಎರಡು ಕಬ್ಬಿನ ಹೊಲಗಳ ನಡುವಿನ ಕಾಲುವೆ ದಾರಿಗೆ ಬಾಣದ ಗುರುತು ಹಾಕಿದೆ. ನೂರು ಹೆಜ್ಜೆ ಒಳಗೆ ಹೋದರೆ ದಾರಿ ಕವಲೊಡೆದಿತ್ತು. ಎರಡೂ ಕಡೆ ತಲೆಯೆತ್ತರ ಮೀರಿದ ಕಬ್ಬು. ಒಳಗೆ ಏನೋ ಸರಕ್ಕನೆ ಸರಿಯಿತು. ನಾನು ಲತೀಫಾಳ ಕೈ ಹಿಡಿದು ಬಂದ ದಾರಿಯಲ್ಲೇ ಓಡಿದೆ. ಗುಡಿಸಲುಗಳನ್ನೂ ಓಡಿಯೇ ದಾಟಿದೆ.

"ಗುರುತು ಹಂಗs ಬಿಟ್ಟಿಯಲ್ಲೇ," ಎಂದು ಲತೀಫಾ ಏದುಸಿರಿನಲ್ಲಿ ಹೇಳಿದಳು.

"ಅವರು ನೋಡಾಕತ್ತಾರ, ನಡಿಯೇ. ಯಾರೂ ಆ ಕಡೆ ಹೋಗಂಗಿಲ್ಲ."

ನಮ್ಮ ಬೆನ್ನಿಗೆ ಬಂದವರು ಶೀತಲ ಮತ್ತು ಅವಳ ಜೊತೆಯ ಜೈನಬಿ, ಇಬ್ಬರೂ ಹೊಸಬರು. ಕಲಿಸಿದಂತೆ ಗುರುತನ್ನು ನಂಬಿದರು. ಕಲಿಸಿದಂತೆ ಗುರುತನ್ನು ನಂಬಿದರು.

ಹಳ್ಳಿಖೇಡದಲ್ಲಿ ಎಣಿಸಿದಾಗ ಇಬ್ಬರು ಕಡಿಮೆ. ಆ ಎರಡೂವರೆ ತಾಸನ್ನು ನಾನು ಇಂದಿಗೂ ಮರೆತಿಲ್ಲ. ದಾರಿ ತಪ್ಪಿದವರು ನಿಂತಲ್ಲೇ ನಿಂತು ಮೂರು ಸಲ ಸೀಟಿ ಊದಬೇಕೆಂಬುದು ನಿಯಮ. ಆದರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಸದ್ದಿನಲ್ಲಿ ಸೀಟಿ ಎಲ್ಲಿಂದ ಕೇಳಬೇಕು? ಅಷ್ಟರಲ್ಲಿ ಆಚೆ ಯಾರೋ ಕಡಿದ ಹೊಲದ ರವದಿಗೆ, ಎಂದರೆ ಉಳಿದ ಒಣ ಸೋಗೆಗೆ, ಬೆಂಕಿ ಹಚ್ಚಿದರು. ಹೊಗೆ ಏಳುವುದನ್ನು ನೋಡುತ್ತ ನಾನು ಹುಣಸೆ ಮರದ ಕೆಳಗೆ ಕುಳಿತಿದ್ದೆ. ಗುರುತು ಎಲ್ಲಿದೆಯೆಂದು ಹೇಳಿದ್ದರೆ ಹತ್ತು ನಿಮಿಷದಲ್ಲಿ ಸಿಗುತ್ತಿದ್ದರೇನೋ. ಬಾಯಿ ಬರಲಿಲ್ಲ. ಲತೀಫಾ ನನ್ನ ಮುಖ ನೋಡಿ ಸುಮ್ಮನಾದಳು.

ಮೇಡಂ ಮರಳಿ ಅದೇ ಗುಡಿಸಲುಗಳಿಗೆ ಹೋಗಿ ಸಹಾಯ ಕೇಳಿದರು. ನಾನು ಅಂಜಿದ್ದ ಆ ಗಂಡಸರೂ ಅವರ ಹೆಂಗಸರೂ ಕೆಲಸ ಬಿಟ್ಟು ಸಾಲುಸಾಲಾಗಿ ಕಬ್ಬಿನೊಳಗೆ ಇಳಿದು ಹುಡುಗಿಯರನ್ನು ಕರೆತಂದರು. ಇಬ್ಬರ ಕೈ, ಮುಖ ಕಬ್ಬಿನ ಎಲೆಗೆ ಗೀರಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ.

ಬಸ್ಸಿನಲ್ಲಿ ಎಲ್ಲರೂ ಮೇಡಂ ಅವರನ್ನು ಬೇಡಿಕೊಂಡೆವು, ಮನೆಯಲ್ಲಿ ಹೇಳಬೇಡಿ ಎಂದು. ಶೀತಲ ಅವರ ಕಾಲು ಹಿಡಿದಳು. ಮೇಡಂ ಅವಳನ್ನು ಎಬ್ಬಿಸಿ ಕೂರಿಸಿದರು. ಬಸ್ಸಿಳಿದು ಜೈನಬಿಯ ಮನೆಗೆ ಮೊದಲು ಹೋದರು. ಅವಳ ತಾಯಿ ಮಗಳು ಬಂದಳಲ್ಲ ಸಾಕು ಎಂದರು. ಆಮೇಲೆ ತಂಡದ ಹಿರಿಯಳೆಂದು ನನ್ನನ್ನೂ ಕರೆದುಕೊಂಡು ಭೀಮಶಾ ಅವರ ಅಂಗಳದಲ್ಲಿ ನಿಂತರು.

"ಗುರುತು ತಪ್ಪಿತ್ತುರಿ. ಎರಡೂವರೆ ತಾಸು ನಿಮ್ಮ ಮಗಳು ಎಲ್ಲಿದ್ದಳಂತ ನನಗ ಗೊತ್ತಿರಲಿಲ್ಲ. ಹೊಣಿ ನಂದು."

ತಾಯಿ ಸಖುಬಾಯಿ ಒಳಗಿನಿಂದಲೇ, "ನಮ್ಮ ಕುರಿ ಕಳದ್ರ ನಾವು ಹುಡುಕ್ತೀವಿ, ನಿಮ್ಮ ಸಾಲ್ಯಾಗ ಮಕ್ಕಳನ್ನs ಕಳೀತಾರೇನು?" ಎಂದರು.

ಭೀಮಶಾ ಮಗಳ ಗೀರಿದ ಮುಖ ನೋಡಿದರು. "ನೀವು ಹೇಳದಿದ್ರ ನನಗ ಯಾರು ಹೇಳ್ತಿದ್ರು?"

"ಯಾರೂ ಹೇಳ್ತಿರಲಿಲ್ಲರಿ."

"ಮತ್ತ ಯಾಕ ಬಂದ್ರಿ?"

"ಮುಂದಿನ ವರ್ಷ ಮತ್ತ ಕಳಸ್ರಿ ಅಂತ ಕೇಳಾಕ ಬರಬೇಕಲ್ರಿ. ಯಾವ ಮುಖ ಹೊತ್ತು ಬರಲಿ?"

"ವಿಚಾರ ಮಾಡ್ತೀನಿ," ಎಂದಷ್ಟೇ ಹೇಳಿ ಅವರು ಒಳಗೆ ಹೋದರು. ನಾನು ಅಲ್ಲಿಯೂ ಬಾಯಿ ತೆರೆಯಲಿಲ್ಲ.

ನಾಲ್ಕು ದಿನ ಶೀತಲ ಕಾಲೇಜಿಗೆ ಬರಲಿಲ್ಲ. ಅವಳ ಖಾಲಿ ಜಾಗ ನೋಡಲಾರದೆ ನಾನು ಮೊದಲ ಬೆಂಚಿಗೆ ಹೋಗಿ ಕುಳಿತೆ. ಐದನೆಯ ದಿನ ಬಂದಳು. ಓದು ಮುಗಿಸಿ, ಇಂದು ಚಿಟಗುಪ್ಪದಲ್ಲಿ ಶಿಕ್ಷಕಿಯಾಗಿದ್ದಾಳೆ. ಗುರುತು ಯಾರು ತಪ್ಪಿಸಿದರೆಂದು ಮೇಡಂ ಯಾರನ್ನೂ ಕೇಳಲಿಲ್ಲ. ಮುಂದಿನ ಹೈಕಿಗೂ ಮೊದಲ ಜೋಡಿಯಾಗಿ ನನ್ನನ್ನೇ ಕಳಿಸಿದರು. ೨೦೦೩ರಲ್ಲಿ ಹುಮನಾಬಾದಿನಲ್ಲಿ ಉಪನ್ಯಾಸಕಿಯಾಗಿ ನಾನು ತಂಡ ಶುರುಮಾಡಿದಾಗ ಮೊದಲ ಮೂರು ಮನೆಗಳಿಗೆ ನನ್ನ ಜೊತೆ ಬಂದರು; ನಾಲ್ಕನೆಯದಕ್ಕೆ, "ನೀ ಒಬ್ಬಾಕಿನs ಹೋಗಬೇಕು," ಎಂದರು.

ಈ ಲೇಖನದಲ್ಲಿ ಅವರ ಸತ್ಯನಿಷ್ಠೆಯನ್ನು ಹೊಗಳಲು ಕುಳಿತಾಗ ಪೆನ್ನು ಮುಂದೆ ಹೋಗಲಿಲ್ಲ. ಹೋದ ತಿಂಗಳು ಭೀಮಶಾ ಅವರ ಮನೆಗೆ ಹೋಗಿ, ಆ ಗುರುತು ಹಾಕಿದವಳು ನಾನೇ ಎಂದು ಹೇಳಿದೆ.

ಅವರು ಎಲೆ ಅಡಿಕೆ ಜಗಿಯುತ್ತಿದ್ದರು. "ಗೊತ್ತೈತವ್ವ. ಮರುದಿನ ಬಸ್ ಹಿಡದು ಹೋಗಿ ನೋಡಿ ಬಂದೆ. ಕುರಿ ಹಿಂದ ಹೆಜ್ಜಿ ನೋಡಿ ಬೆಳೆದಾವ ನಾ. ಕಾಲುವಿ ಕೆಸರಾಗ ಎರಡು ಜೋಡಿ ಹೆಜ್ಜಿ ಒಳಗ ನಡದು ಹೋಗಿದ್ವು, ಹೊರಗ ಓಡಿ ಬಂದಿದ್ವು. ಮುಂದ ಇದ್ದವರು ಯಾರಂತ ಮಗಳನ್ನ ಕೇಳಿದೆ."

"ಮೇಡಂ ಅವರಿಗೆ ಯಾಕ ಹೇಳಲಿಲ್ಲರಿ?"

"ಹೇಳಿದ್ನಲ್ಲ, ನಾಕನೇ ದಿನ. 'ನನಗೂ ಅನುಮಾನ ಐತಿ, ಭಾಳ ಅಂಜ್ಯಾಳ, ಸದ್ಯಕ್ಕ ಬಿಡ್ರಿ' ಅಂದ್ರು. ಅಂಜಿದ ಕುರಿ ಹೊಡದ್ರ ಇನ್ನೂ ದೂರ ಓಡ್ತದ, ನನಗೂ ಅದು ಖರೆ ಅನಿಸ್ತು. ಮಗಳನ್ನ ಕಳಿಸಿದೆ."

ಹನ್ನೆರಡು ವರ್ಷ ನಾನು ಬಚ್ಚಿಟ್ಟೆನೆಂದುಕೊಂಡದ್ದನ್ನು ಮೇಡಂ ಬಲ್ಲವರಾಗಿದ್ದರು. ಬಲ್ಲವರಾಗಿಯೇ ದಾರಿ ತೋರುವ ಕೆಲಸವನ್ನು ನನಗೆ ಕೊಟ್ಟರು. ಅವರ ಬಗ್ಗೆ ನಾನು ಬರೆಯಬಲ್ಲ ಒಳ್ಳೆಯ ಮಾತು ಇದೊಂದೇ.

ಬರುವ ಜನವರಿಯಲ್ಲಿ ನಮ್ಮ ತಂಡದ ಹೈಕು ಇದೆ. ಇಪ್ಪತ್ತೆರಡು ಮನೆಗಳ ಒಪ್ಪಿಗೆ ಕೇಳಬೇಕು. ಈ ಸಲ ಸಹಿ ಕೇಳುವ ಮೊದಲು, ನನ್ನಿಂದ ಇಬ್ಬರು ಹುಡುಗಿಯರು ದಾರಿ ತಪ್ಪಿದ್ದರೆಂದು ಪ್ರತಿಯೊಂದು ಮನೆಯಲ್ಲಿಯೂ ಹೇಳಲಿದ್ದೇನೆ. ಎಷ್ಟು ಜನ ಸಹಿ ಹಾಕುತ್ತಾರೋ, ಎಷ್ಟು ಜನ ಬಾಗಿಲು ಮುಚ್ಚುತ್ತಾರೋ ತಿಳಿಯದು. ಮೇಡಂ ಅವರ ಕಾಲಿನ ಶಕ್ತಿ, ಕಣ್ಣಿನ ಬೆಳಕು ಇನ್ನೂ ಬಹಳ ವರ್ಷ ಹೀಗೆಯೇ ಇರಲಿ. ನಿವೃತ್ತಿಯ ನಂತರವೂ ಅವರು ನಮ್ಮ ಹೈಕಿಗೆ ಬರಲಿ, ಎಂದಿನಂತೆ ಎಲ್ಲರಿಗಿಂತ ಕೊನೆಗೆ ನಡೆಯಲಿ. ಮನೆಗಳಿಗೆ ಮಾತ್ರ ನಾನು ಒಬ್ಬಳೇ ಹೋಗುತ್ತೇನೆ.