ದಮ್ಮು ಬಂತು

ದೊಡ್ಡಪ್ಪ ಕೊನೆಯದಾಗಿ ಏನು ಹೇಳಿದರು ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಅವರ ಬಾಯಿಗೆ ಫೋನು ಹಿಡಿದದ್ದು ನಾನೇ. ಆ ಹೊತ್ತು ಹಾಸಿಗೆಯ ಪಕ್ಕದಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಗೊತ್ತಿಲ್ಲ. ಎರಡೇ ಶಬ್ದದ ಮಾತು ಅದು. ಎರಡನೆಯದು 'ಬಂತು' ಎಂಬುದರಲ್ಲಿ ಸಂಶಯವಿಲ್ಲ. ಮೊದಲನೆಯದು 'ದಮ್' ಎಂದೋ, 'ದಮ್ಮು' ಎಂದೋ? ಅದು ತಿಳಿಯದೆ ನಮ್ಮ ಮನೆಯ ಹುಡುಗಿಯೊಬ್ಬಳು ಆಟ ಬಿಟ್ಟಳು.

ನನ್ನ ನೆನಪನ್ನು ನಾನು ನಂಬದೆ ಇರುವುದಕ್ಕೆ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ್ದು ಒಂದು ಕಾರಣ. ನೋಡಿದೆ ಎನ್ನುವವನನ್ನು, ಎಲ್ಲಿ ನಿಂತು ನೋಡಿದೆ ಎಂದು ಕೇಳುವುದನ್ನು ಅಲ್ಲಿ ಕಲಿಸಿದರು. ಇನ್ನೊಂದು ಕಾರಣ ಸ್ವತಃ ದೊಡ್ಡಪ್ಪ.

ಅವರು ನನ್ನ ಅವ್ವನ ಅಕ್ಕನ ಗಂಡ. ವಿಜಯಪುರದ ಕಡೆಯ ಹಳ್ಳಿಯಿಂದ ಬಂದವರು. ಕಬಡ್ಡಿ ಆಡುತ್ತಾರೆಂಬ ಒಂದೇ ಕಾರಣಕ್ಕೆ ಅವರಿಗೆ ಮುಂಬೈಯ ಬಟ್ಟೆ ಗಿರಣಿಯಲ್ಲಿ ಕೆಲಸ ಸಿಕ್ಕಿತ್ತು. ಆಗ ಗಿರಣಿಗೊಂದು ತಂಡ, ಪ್ರತಿ ಮೈದಾನಕ್ಕೂ ಒಬ್ಬ ರಾಜ. ಗಿರಣಿ ಮುಚ್ಚಿದ ಮೇಲೆ ಅವರು ಕುರ್ಲಾದ ಒಂದು ಲೇಥ್ ಕಾರ್ಖಾನೆಯಲ್ಲಿ ಕಬ್ಬಿಣ ಹೊತ್ತರು, ಆಮೇಲೆ ಒಂದು ಬಿಲ್ಡಿಂಗಿನ ವಾಚ್‌ಮನ್ ಆದರು. ಆದರೂ ಅವರಿದ್ದ ವಠಾರದ, ಅಂದರೆ ಚಾಳಿನ, ಹಳಬರು ಅವರು ಎದುರಾದರೆ ದಾರಿ ಬಿಟ್ಟು ನಿಲ್ಲುತ್ತಿದ್ದರು.

ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಅವರ ಒಂದು ಆಟ ನೋಡಿದ್ದು ನನಗೆ ಚೆನ್ನಾಗಿ ನೆನಪಿತ್ತು. ನೀರು ಚಿಮುಕಿಸಿದ ಕೆಂಪು ಮಣ್ಣಿನ ಅಂಗಳ. ನಾಲ್ಕು ಜನ ಮೈಮೇಲೆ ಬಿದ್ದಿದ್ದರೂ ದೊಡ್ಡಪ್ಪ ಅವರನ್ನೆಲ್ಲ ಎಳೆದುಕೊಂಡು ನಡುಗೆರೆ ಮುಟ್ಟಿದ್ದರು. ಇದನ್ನು ಕಾಲೇಜಿನಲ್ಲಿ, ಆಫೀಸಿನಲ್ಲಿ, ಮದುವೆ ಊಟದ ಸಾಲಿನಲ್ಲಿ ಎಷ್ಟು ಸಲ ಹೇಳಿದ್ದೆನೋ. ಒಮ್ಮೆ ಅವರ ಎದುರಿಗೇ ಅವರ ಮೊಮ್ಮಗಳಿಗೆ ಹೇಳಿದೆ. ದೊಡ್ಡಪ್ಪ ಚಹಾದ ಬಶಿ ಕೆಳಗಿಟ್ಟು ನಕ್ಕರು.

"ಏ ಶ್ಯಾಣ್ಯಾ, ಎಳಕೊಂಡ ಹೋದಾಂವ ನಾನಲ್ಲೋ. ಅಂವ ಬ್ಯಾರೆ ಗಿರಣಿಯಾಂವ. ಅವನ ಕಾಲ್ ಹಿಡಕೊಂಡು ಮಣ್ಣ ತಿಂದಾಂವ ನಾನು."

"ನಾನೇ ನೋಡೀನಲ್ಲ ದೊಡ್ಡಪ್ಪ, ಅಪ್ಪನ ಹೆಗಲ ಮ್ಯಾಲೆ ಕೂತು."

"ನೀ ಎಲ್ಲಿ ನೋಡತೀ? ಅವತ್ತ ನಿಮ್ಮಪ್ಪನ ಲಗ್ನಾನ ಆಗಿದ್ದಿಲ್ಲ."

ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಾಕಾ, ತುಮ್ ತೋ ಫೇಕೂ ನಿಕಲೇ!" ಬುರುಡೆ ಬಿಡುವವನು ಎಂದು ಅವಳು ನನ್ನನ್ನು ಬಹಳ ದಿನ ಹಾಗೇ ಕರೆದಳು. ಯಾರೋ ಹೇಳಿದ ಕತೆ ನನ್ನ ಕಣ್ಣಿನೊಳಗೆ ಹೇಗೆ ಇಳಿಯಿತೋ. ಆ ಕೆಂಪು ಮಣ್ಣು ಈಗಲೂ ನನಗೆ ಕಾಣುತ್ತದೆ.

ನಾನು ನಿಜವಾಗಿ ನೋಡಿದ್ದು ಅವರ ಮುದಿತನದ ಆಟವನ್ನು, ಅದೂ ಚಾಳಿನ ಹಿಂದಿನ ಖಾಲಿ ಜಾಗದಲ್ಲಿ. ಮೊಮ್ಮಗಳ ಅಪ್ಪ ಅವ್ವ ಪುಣೆಯ ಕಡೆ ಕಟ್ಟಡದ ಕೆಲಸದಲ್ಲಿದ್ದರು. ಅವಳು ಬೆಳೆದದ್ದು ಅಜ್ಜ ಅಜ್ಜಿಯ ಹತ್ತಿರ. ಅವಳಿಗೆ ಆಟ ಹಿಡಿಸಿದ್ದು ಗೊತ್ತಾದ ಮೇಲೆ ದೊಡ್ಡಪ್ಪ ಸಂಜೆ ಪ್ಯಾಂಟು ಮಡಚಿಕೊಂಡು ಅಂಗಳಕ್ಕೆ ಇಳಿಯತೊಡಗಿದರು. ಅವರು ದಾಳಿಗೆ ಹೋಗುವ ರೀತಿಯನ್ನು ಈಗಿನ ಟಿವಿ ಪಂದ್ಯಗಳಲ್ಲಿ ನಾನು ಕಂಡಿಲ್ಲ. ಜಿಗಿತವಿಲ್ಲ, ತೊಡೆ ತಟ್ಟುವುದಿಲ್ಲ. ಮನೆಯೊಳಗೆ ಮಗು ಮಲಗಿರುವಾಗ ನಡೆಯುವ ಹಾಗೆ ಪಾದದ ಮುಂಭಾಗದ ಮೇಲೆ ನಡೆದು ಒಳಗೆ ಹೋಗುವರು. ಸೊಂಟ ಕೆಳಗೆ, ಕೈಬೆರಳು ನೆಲಕ್ಕೆ ಸವರುವಷ್ಟು. ಕಣ್ಣು ಒಬ್ಬನ ಮೇಲೆ, ಕಾಲಿನ ಹೆಬ್ಬೆರಳು ಇನ್ನೊಬ್ಬನ ಕಡೆ. ಮುಟ್ಟಿದ್ದು ಮುಟ್ಟಿಸಿಕೊಂಡವನಿಗೂ ತಡವಾಗಿ ತಿಳಿಯಬೇಕು ಎನ್ನುವುದು ಅವರ ಪಾಠ. ಇದೆಲ್ಲದರ ಮೇಲೆ ಅವರ ದನಿ. ಕಬಡ್ಡಿ ಕಬಡ್ಡಿ ಎಂಬುದು ಒಂದೇ ಉಸಿರಿನಲ್ಲಿ, ಏರದೆ ಇಳಿಯದೆ, ಹೊಲಿಗೆ ಯಂತ್ರ ಓಡಿದ ಹಾಗೆ ಬರುತ್ತಿತ್ತು.

"ಈಗಿನವರದು ಬರೇ ತುಟಿ ಆಡ್ತಾವ, ದನಿ ಬರಂಗಿಲ್ಲ," ಎಂದು ಅವರು ಮೊಮ್ಮಗಳನ್ನು ಕೆಣಕುವರು. "ಪಂಚ್‌ಗ, ಅಂಪೈರ್‌ಗ ಕೇಳಬೇಕಲ್ಲ ಯವ್ವಾ. ಮನಸಿನೊಳಗ ಜಪ ಮಾಡಾಕ ಇದೇನ ಗುಡಿ ಏನ?"

"ಅಜ್ಜಾ, ಮ್ಯಾಟ್ ಮೇಲೆ ಸ್ಪೀಡ್ ಬೇಕು. ಇಷ್ಟು ಜೋರ್ ಚಿಲ್ಲಾಯಾ ತೋ ಸಾಂಸ್ ಖತಮ್."

"ಉಸಿರು ಖಾಲಿ ಆಗೂದು ಒದರೂದ್ರಿಂದಲ್ಲ, ಅಂಜೂದ್ರಿಂದ."

ಪ್ರತಿ ದಾಳಿಯ ನಂತರ ಅವಳು ಮೊಣಕಾಲಿಗೆ ಕೈ ಊರಿ ಏದುಸಿರು ಬಿಡುವಾಗ ಅವರು ಕೇಳುವರು: "ದಮ್ ಬಂತೇನ?" ಅವಳು ತಲೆ ಎತ್ತಿ, "ದಮ್ ಬಂತು ಅಜ್ಜಾ," ಎನ್ನುವಳು. ಮತ್ತೆ ಹೋಗು ಎಂದು ಬೇರೆ ಹೇಳಬೇಕಿರಲಿಲ್ಲ.

ಈ ಶಬ್ದದ ವಿಚಾರ ಇಲ್ಲೇ ಹೇಳಿಬಿಡಬೇಕು. ಮುಂಬೈಯ ಮೈದಾನದಲ್ಲಿ ಮರಾಠಿಯಾಗಲಿ ಹಿಂದಿಯಾಗಲಿ, ದಮ್ ಎಂದರೆ ಉಸಿರು, ಕಸುವು. ದಾಳಿಗೆ ಹೋದವನು ಹಿಡಿದಿಡುವ ಕಬಡ್ಡಿ ಕಬಡ್ಡಿಗೂ ದಮ್ ಎಂದೇ ಹೆಸರು. ನಮ್ಮ ಕನ್ನಡದಲ್ಲಿ ದಮ್ಮು ಎಂದರೆ ಉಸಿರು ಸಿಗದ ಕಾಯಿಲೆ. ಅಲ್ಲಿ ಇರುವುದರ ಹೆಸರು ಇಲ್ಲಿ ಇಲ್ಲದಿರುವುದರ ಹೆಸರು. ಮಧ್ಯದಲ್ಲಿರುವುದು ಒಂದು ಉಕಾರ. ಮೊಮ್ಮಗಳಿಗೆ ಕನ್ನಡ ತಿಳಿಯುತ್ತದೆ, ಆದರೆ ಮನೆಯ ದಿನಬಳಕೆಯಷ್ಟೇ. ಅವಳಿಗೆ ಗೊತ್ತಿದ್ದದ್ದು ಮೈದಾನದ ದಮ್ ಒಂದೇ.

ದೊಡ್ಡಪ್ಪನಿಗೆ ಗಿರಣಿಯ ಹತ್ತಿಯ ಧೂಳಿನಿಂದಲೋ ಏನೋ ಎದೆ ಕೆಟ್ಟಿತ್ತು. ಮೊದಲು ಅಂಗಳಕ್ಕೆ ಇಳಿಯುವುದು ನಿಂತಿತು, ಆಮೇಲೆ ಕುರ್ಚಿ ಹಾಕಿಕೊಂಡು ಕೂರುವುದು. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸಯನ್ನಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಅದೇ ವಾರದ ಭಾನುವಾರ ವಿಲೆ ಪಾರ್ಲೆಯ ಒಂದು ಮೈದಾನದಲ್ಲಿ ಜೂನಿಯರ್ ಹುಡುಗಿಯರ ಜಿಲ್ಲಾ ತಂಡಕ್ಕೆ ಆಯ್ಕೆ ಇತ್ತು. ಅದಕ್ಕಾಗಿ ಅವಳು ಎರಡು ವರ್ಷ ಬೆವರು ಸುರಿಸಿದ್ದಳು. ಹೋಗುವುದಿಲ್ಲ ಎಂದು ಹಟ ಹಿಡಿದವಳನ್ನು ದೊಡ್ಡಪ್ಪನೇ ಕೈಸನ್ನೆ ಮಾಡಿ ಓಡಿಸಿದರು. ಹೋಗುವ ಮುಂಚೆ ಅವಳು ನನ್ನನ್ನು ವರಾಂಡಕ್ಕೆ ಎಳೆದಳು.

"ಕಾಕಾ, ಅಜ್ಜಂದು ಜಾಸ್ತಿ ಆಯ್ತು ಅಂದ್ರೆ ನಂಗೆ ಹೇಳ್ಬೇಕು. ಮ್ಯಾಚ್ ಛೋಡ್ ಕೆ ಆವೂಂಗಿ. ಪ್ರಾಮಿಸ್?"

ಪಂದ್ಯ ಬಿಟ್ಟಾದರೂ ಬರುವಳಂತೆ. ನಾನು ಹೂಂ ಎಂದೆ.

ಮಧ್ಯಾಹ್ನ ಅವಳೇ ಫೋನು ಮಾಡಿದಳು. ದೊಡ್ಡವ್ವ ಔಷಧಿ ತರಲು ಕೆಳಗೆ ಹೋಗಿದ್ದರು. ಆ ಕಡೆ ಮೈಕಿನ ಗದ್ದಲ, ಸೀಟಿ. "ಕಾಕಾ, ನಮ್ಮ ಟೀಮ್ ಅಭೀ ಮ್ಯಾಟಿಗೆ ಇಳಿಯುತ್ತೆ. ಅಜ್ಜ ಹೇಗಿದ್ದಾರೆ? ನಾ ಬರ್ಲಾ?" ದೊಡ್ಡಪ್ಪನ ಕಣ್ಣು ನನ್ನ ಕೈಯ ಮೇಲಿತ್ತು. ಕೊಡು ಎಂಬಂತೆ ಬೆರಳಾಡಿಸಿದರು. ಮೂಗು ಬಾಯಿಗೆ ಕಟ್ಟಿದ್ದ ಮಾಸ್ಕನ್ನು ತಾವೇ ಪಕ್ಕಕ್ಕೆ ಸರಿಸಿದರು. ನಾನು ಫೋನು ಅವರ ಬಾಯಿಗೆ ಹಿಡಿದೆ. ಆಮ್ಲಜನಕದ ಸುಯ್ಯೆನ್ನುವ ಸದ್ದು. ಆ ಕಡೆ ಪಾರ್ಲೆಯ ಮೇಲೆ ಇಳಿಯುತ್ತಿದ್ದ ವಿಮಾನದ ಮೊರೆತ ಫೋನಿನೊಳಗೂ ಕೇಳುತ್ತಿತ್ತು. ಅವರು ಹೇಳಿದರು. ಮೊದಲ ಶಬ್ದ, ಒಂದು ತಡೆ, ಆಮೇಲೆ 'ಬಂತು'.

ಆ ತಡೆ ಉಸಿರಿನದೋ, 'ಮ್ಮು' ಎಂಬುದರದೋ?

"ಹಾಂ ಅಜ್ಜಾ!" ಎಂದು ಅವಳು ಕೂಗಿದ್ದು ನನಗೆ ಕೇಳಿಸಿತು. ಫೋನು ಇಟ್ಟಳು. ನರ್ಸು ಬಂದು, "ಮಾಸ್ಕ್ ಕಾ ಕಾಢ್ಲಾ?" ಎಂದು ಮಾಸ್ಕು ತೆಗೆದದ್ದಕ್ಕೆ ಗದರಿ ಅದನ್ನು ಸರಿಮಾಡಿದರು. ನಾನು ಆಗ ಏನೆಂದುಕೊಂಡೆ ಎಂಬುದೂ ಈಗ ಸಿಗುತ್ತಿಲ್ಲ. ಸಮಾಧಾನವಾಗಿತ್ತೋ? ಹೌದೆಂದು ಅನ್ನಿಸುತ್ತದೆ, ಅದನ್ನು ಆಮೇಲೆ ಹೊಲಿದುಕೊಂಡೆನೋ ಏನೋ. ಸ್ವಲ್ಪ ಹೊತ್ತಿಗೆ ಉಸಿರು ಬಹಳ ಕೆಟ್ಟಿತು. ನಾನು ಅವಳಿಗೆ ಮತ್ತೆ ಮತ್ತೆ ಫೋನು ಮಾಡಿದೆ. ಅದು ಮ್ಯಾಟಿನ ಅಂಚಿನಲ್ಲಿ ಯಾವುದೋ ಚೀಲದೊಳಗೆ ಬಡಿದುಕೊಳ್ಳುತ್ತಿತ್ತು.

ಅವಳು ಬಂದಾಗ ಮೈಮೇಲೆ ಜೆರ್ಸಿಯೇ ಇತ್ತು, ಮೊಣಕೈ ಮ್ಯಾಟಿಗೆ ಉಜ್ಜಿ ಕೆಂಪಾಗಿತ್ತು. ತಂಡಕ್ಕೆ ಅವಳ ಆಯ್ಕೆಯಾಗಿತ್ತು. ಅದನ್ನು ಅವಳು ಹೇಳಲಿಲ್ಲ; ಮರುದಿನ ಅವಳ ಗೆಳತಿಯಿಂದ ತಿಳಿಯಿತು. ದೊಡ್ಡಪ್ಪನ ಮುಖಕ್ಕೆ ಆಗಲೇ ಬಿಳಿ ಬಟ್ಟೆ ಎಳೆದಿದ್ದರು.

ಮಣ್ಣು ಮುಗಿಸಿ ಬಂದ ಮೇಲೆ ಚಾಳಿಗೆ ಬಂದವರೆಲ್ಲ ದೊಡ್ಡಪ್ಪ ದಮ್ಮಿನಿಂದ ಸತ್ತರಂತೆ, ದಮ್ಮು ಕೆಟ್ಟದ್ದು ಎಂದು ಮಾತಾಡಿಕೊಂಡರು. ಹುಡುಗಿ ಮೂಲೆಯಲ್ಲಿ ಕೂತು ಕೇಳುತ್ತಿದ್ದವಳು ಮೆಲ್ಲಗೆ ನನ್ನ ಹತ್ತಿರ ಬಂದಳು.

"ಕಾಕಾ, ದಮ್ಮು ಅಂದ್ರೆ ಬಿಮಾರಿನಾ?"

"ಹೌದು."

"ಅಜ್ಜ ಫೋನಲ್ಲಿ ಏನ್ ಹೇಳಿದ್ದು? ದಮ್ಮು ಬಂತು ಅಂತನಾ? ಮುಝೆ ಲಗಾ ದಮ್ ಬಂತು. ನಂಗೆ ಅನ್ನಿಸ್ತು, ಅಜ್ಜ ನಂಗೆ ಖೇಲ್ ಅಂತಿದಾರೆ. ಸಚ್ ಬೋಲೋ ಕಾಕಾ. ಅಜ್ಜ ನನ್ನ ಕರೀತಿದ್ರಾ?"

ಉಸಿರಿಲ್ಲ ಬಾ ಎಂದು ಕರೆದರೋ, ಉಸಿರು ಬಂತು ಆಡು ಎಂದು ಕಳಿಸಿದರೋ. ಇಷ್ಟೇ ಅವಳಿಗೆ ಬೇಕಾಗಿದ್ದದ್ದು. ಬೇರೆ ಯಾರಾದರೂ ಆಗಿದ್ದರೆ ಆಡು ಎಂದೇ ಹೇಳಿದ್ದು ಎಂದು ಹೇಳಿ ಅವಳ ತಲೆ ಸವರುತ್ತಿದ್ದರು. ನಾನು, "ನನಗೆ ಸರಿಯಾಗಿ ಕೇಳಿಸಲಿಲ್ಲ," ಎಂದೆ. ಅದು ಸತ್ಯ. ಆ ಸತ್ಯದಿಂದ ಯಾರಿಗೂ ಏನೂ ಒಳ್ಳೆಯದಾಗಲಿಲ್ಲ.

ಅವಳು ತಂಡದ ಶಿಬಿರಕ್ಕೆ ಹೋಗಲಿಲ್ಲ. ಅವಳ ಕೋಚ್, ಒಬ್ಬ ಮರಾಠಿ ಹೆಂಗಸು, ಎರಡು ಸಲ ಚಾಳಿನ ಮೆಟ್ಟಿಲು ಹತ್ತಿ ಬಂದರು. ಹುಡುಗಿ ನೀರು ಕೊಟ್ಟು ಕಳಿಸಿದಳು. ಸಂಜೆ ಹಿಂದಿನ ಅಂಗಳದಲ್ಲಿ ಸ್ಕೂಟರುಗಳು ನಿಲ್ಲತೊಡಗಿದವು. ಕೇಳಿದರೆ ಒಂದೇ ಮಾತು: "ಕಬಡ್ಡಿ ಅನ್ನೋಕೆ ಹೋದ್ರೆ ಅಜ್ಜನ ಉಸಿರು ಕೇಳುತ್ತೆ." ಈ ಮಾತನ್ನು ಅವಳು ಪೂರ್ತಿ ಕನ್ನಡದಲ್ಲೇ ಹೇಳುತ್ತಿದ್ದಳು.

ಈ ವರ್ಷದ ಮೊದಲ ಮಳೆಯ ಸುಮಾರಿಗೆ ಒಂದು ಭಾನುವಾರ ನಾನು ಅಲ್ಲಿಗೆ ಹೋಗಿದ್ದೆ. ದೊಡ್ಡವ್ವ ಮೆಂತ್ಯಸೊಪ್ಪು ಸೋಸುತ್ತಿದ್ದರು. ಹುಡುಗಿ ಕಿಟಕಿಯ ಹತ್ತಿರ ಮೊಬೈಲು ನೋಡುತ್ತಾ ಕೂತಿದ್ದಳು. ಯಾರೂ ಏನೂ ಕೇಳದಿದ್ದರೂ ದೊಡ್ಡವ್ವ ಸೊಪ್ಪಿನ ಕಡೆಗೇ ನೋಡುತ್ತ ಮಾತು ತೆಗೆದರು.

"ಅಲ್ಲೋ, ಈಕಿ ತಲ್ಯಾಗ ಏನ್ ತುಂಬಿಸೀ ನೀನು? ಅವರು ತಮ್ಮ ರೋಗಕ್ಕ ದಮ್ಮು ಅಂತ ಯಾವತ್ತರ ಅಂದಾರೇನ? ಉಬ್ಬಸ ಅಂತಿದ್ರು. ನನ್ನ ಮುಂದ ಉಬ್ಬಸ ಅಂತನ ಅಂತಿದ್ರು. ಅವರ ಬಾಯಾಗ ದಮ್ ಅಂದ್ರ ಆಟದ್ದ."

ಹುಡುಗಿ ಮೊಬೈಲು ಕೆಳಗಿಟ್ಟಳು. "ಪಕ್ಕಾ ಅಜ್ಜೀ?"

"ನಾ ಅವರ ಜೋಡಿ ಬಾಳೇವು ಮಾಡೀನೋ, ಇಂವ ಮಾಡ್ಯಾನೋ? ಏಳು, ಒಂದೀಟು ಉಳ್ಳಾಗಡ್ಡಿ ಹೆಚ್ಚು."

ನಾನು ನೆನಪು ಕೆದಕಿದೆ. ನನ್ನ ಅವ್ವನೂ ಉಬ್ಬಸ ಎಂದೇ ಅನ್ನುತ್ತಿದ್ದಳು. ಅದು ಅಕ್ಕತಂಗಿಯರ ತವರಿನ ಮಾತು. ದೊಡ್ಡಪ್ಪ ಏನನ್ನುತ್ತಿದ್ದರು? ಎಷ್ಟು ವರ್ಷ ಅವರ ಕೆಮ್ಮು ಕೇಳಿದ್ದೇನೆ, ಅದಕ್ಕೆ ಅವರಿಟ್ಟ ಹೆಸರು ಮಾತ್ರ ಕಿವಿಗೆ ಬರಲಿಲ್ಲ.

ಹುಡುಗಿ ಆ ವಾರವೇ ಮೈದಾನಕ್ಕೆ ಹೋದಳಂತೆ. ತಂಡದ ಜಾಗ ಬೇರೆಯವರಿಗೆ ಹೋಗಿದೆ. ಮತ್ತೆ ಮೊದಲಿನಿಂದ ಬರಬೇಕು. ಒಂದು ಸಂಜೆ ನಾನು ಹೋಗಿ ಗೋಡೆಯ ಆಚೆ ನಿಂತು ನೋಡಿದೆ. ಸೊಂಟ ಇಳಿಸಿ, ಸದ್ದಿಲ್ಲದ ಪಾದದಲ್ಲಿ ಒಳಗೆ ಹೋದಳು. ಉಳಿದ ಹುಡುಗಿಯರ ತುಟಿಯಷ್ಟೇ ಆಡುತ್ತಿತ್ತು. ಇವಳ ದನಿ ರಸ್ತೆಯವರೆಗೂ ಬರುತ್ತಿತ್ತು. ಮಧ್ಯದಲ್ಲಿ ಒಮ್ಮೆ ಒಡೆಯಿತು. ಅಳುವಿನಿಂದಲೋ, ಅಭ್ಯಾಸ ತಪ್ಪಿದ್ದರಿಂದಲೋ, ಆ ದೂರದಿಂದ ಹೇಳಲಾಗದು. ನಿಂತಳು. ಮೊಣಕಾಲಿಗೆ ಕೈ ಊರಿದಳು. ಯಾರೂ ಏನೂ ಕೇಳಲಿಲ್ಲ. ಮತ್ತೆ ಹೋದಳು.

ಅಲ್ಲಿಗೆ ಬಿಡಬೇಕಿತ್ತು. ನನಗೆ ಬಿಡಲಾಗಲಿಲ್ಲ. ದೊಡ್ಡಪ್ಪನ ತಮ್ಮ ಊರಿನಲ್ಲಿದ್ದಾರೆ. ಹೊಲ, ಮಳೆ ಎಂದೆಲ್ಲ ಮಾತಾಡಿಸಿ ಫೋನಿನಲ್ಲಿ ಕೇಳಿದೆ: "ಕಾಕಾ, ದೊಡ್ಡಪ್ಪಗ ಇದ್ದ ರೋಗಕ್ಕ ನಿಮ್ಮ ಮನ್ಯಾಗ ಏನಂತಿದ್ರಿ?"

"ದಮ್ಮು. ಮತ್ತೇನಂತಾರ? ನಮ್ಮಪ್ಪಗೂ ಇತ್ತು. ಅಣ್ಣ ಮುಂಬೈಯಿಂದ ಮಾತಾಡ್ತಿದ್ದನಲ್ಲ, ಅರ್ಧಕ್ಕ ನಿಲ್ಲಿಸಿ, 'ದಮ್ಮು ಬಂತು, ಇಡ್ತೀನಿ ತಮ್ಮಾ,' ಅಂತಿದ್ದ. ಯಾಕ, ಏನಾತು?"

ಏನಿಲ್ಲ ಎಂದೆ. ಅವರ ಹೆಂಡತಿಗೆ ಫೋನು ಕೊಡಿಸಿ ಅವರನ್ನೂ ಕೇಳಿದೆ. ಅವರೂ ಅದನ್ನೇ ಹೇಳಿದರು.

ದೊಡ್ಡವ್ವ ಸುಳ್ಳು ಹೇಳಿದರೋ, ತಮ್ಮ ತವರಿನ ಮಾತನ್ನು ಗಂಡನ ಬಾಯಿಗೆ ಹಾಕಿ ನಂಬಿಕೊಂಡಿದ್ದಾರೋ ಗೊತ್ತಿಲ್ಲ. ಆ ಭಾನುವಾರ ದೊಡ್ಡಪ್ಪ ಫೋನಿನಲ್ಲಿ ಯಾವುದನ್ನು ಅಂದರು ಎಂಬುದು ಇದರಿಂದಲೂ ತೀರ್ಮಾನವಾಗುವುದಿಲ್ಲ. ಹುಡುಗಿಗೆ ನಾನು ಏನೂ ಹೇಳಿಲ್ಲ. ವಿಚಾರಿಸಿ ಖಚಿತ ಮಾಡಿಕೊಂಡದ್ದು ಇಷ್ಟೇ: ದೊಡ್ಡಪ್ಪ ತಮ್ಮ ಕಾಯಿಲೆಯನ್ನು ದಮ್ಮು ಎಂದೇ ಕರೆಯುತ್ತಿದ್ದರು.