ಹತ್ತು ದಿನದ ಅಕ್ಕ

ನನ್ನ ಗೆಳತಿಯನ್ನು ಊರೆಲ್ಲ ‘ಹತ್ತು ದಿನದ ಅಕ್ಕ’ ಎನ್ನುತ್ತಿತ್ತು. ಹತ್ತು ದಿನ ಕೊಟ್ಟರೆ ಸಾಕು, ಎಂಥ ಮದುವೆಯನ್ನೂ ಮಾಡಿ ಮುಗಿಸುತ್ತಿದ್ದಳು, ಮೂವತ್ತು ಜನ ಮೀರಬಾರದು ಅಷ್ಟೆ. ಮನೆಯವರು ನೂರು ಹೆಸರಿನ ಪಟ್ಟಿ ತಂದರೆ ಕೆಂಪು ಪೆನ್ನು ಹಿಡಿದು ಕೂರುತ್ತಿದ್ದಳು. “ಈ ಮಾವ ನಿಮ್ಮನೆಗೆ ಕೊನೇ ಸಲ ಬಂದಿದ್ದು ಯಾವಾಗ?” “ಏಳೆಂಟು ವರ್ಷ ಆಯ್ತೇನೋ.” “ಹಾಗಾದ್ರೆ ಅವರಿಗೆ ಫೋಟೋ ಕಳಿಸಿ, ಸಾಕು.” ಹುಡುಗಿಯ ತಾಯಿ ಮುಖ ಊದಿಸಿಕೊಂಡರೂ ಪೆನ್ನು ನಿಲ್ಲುತ್ತಿರಲಿಲ್ಲ. ಅವಳ ಫೋನ್ ಬಂದರೆ ದರ್ಜಿ, ಹೂವಿನವರು, ಅಡುಗೆಯವರು ಎದ್ದು ನಿಂತೇ ಮಾತಾಡುತ್ತಾರೆಂದು ನಾನು ತಮಾಷೆ ಮಾಡುತ್ತಿದ್ದೆ. ಅವಸರಕ್ಕೆ ಕಾರಣವೇನೆಂದು ಮಾತ್ರ ಅವಳು ಯಾರನ್ನೂ ಕೇಳಿದವಳಲ್ಲ. ಹೋದ ತಿಂಗಳು ಡಾಕ್ಟರು ಅವಳಿಗೇ ಇನ್ನು ಹೆಚ್ಚು ದಿನವಿಲ್ಲ ಎಂದಾಗ, ವರ್ಷದ ಕೊನೆಗಿದ್ದ ಮಗಳ ಮದುವೆಯನ್ನು ಆರೇ ದಿನಕ್ಕೆ ಎಳೆದು ತಂದಳು. ಆಸ್ಪತ್ರೆಯ ಮಂಚದಿಂದಲೇ ಎಲ್ಲರನ್ನೂ ಗದರಿಸಿ ಮಾಡಿಸಿದಳು. ಮದುವೆಯ ದಿನ ಮುಂದಿನ ಸಾಲಿನಲ್ಲಿ, ಗಾಲಿಕುರ್ಚಿಯಲ್ಲಿ ಕೂತವಳು ನನ್ನ ಕೈ ಎಳೆದು, “ನನ್ನ ತಲೆ ಹಿಂದಿನವರಿಗೆ ಅಡ್ಡ ಬರ್ತಿದೆಯೇನೋ ನೋಡೇ” ಎಂದಳು. ತಿರುಗಿ ನೋಡಿದೆ. ಬಂದವರೆಲ್ಲ ಮದುಮಕ್ಕಳನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು. “ಇಲ್ಲ ಕಣೇ, ಎಲ್ಲರಿಗೂ ಚೆನ್ನಾಗಿ ಕಾಣಿಸ್ತಿದೆ” ಎಂದೆ.