ನಾಲ್ಕು ತಿಂಗಳ ಅಂತರದ ಅಕ್ಕ-ತಂಗಿ

ಇದು 1989ರ ಬೇಸಿಗೆಯ ಮಾತು. ನಮ್ಮ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಮುಗಿಯುತ್ತ ಬಂದಿದ್ದರೂ ಊರು ಸೀನುವುದನ್ನು ನಿಲ್ಲಿಸಿರಲಿಲ್ಲ. ನಾನು ಪಡಸಾಲೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಕುಳಿತು ಯಾರದೋ ಕುಪ್ಪಸಕ್ಕೆ ತೋಳು ಹಚ್ಚುತ್ತಿದ್ದೆ. ಪೋಸ್ಟ್‌ಮನ್ ಬಂದು ಒಂದು ದಪ್ಪ ಲಕೋಟೆ ಕೊಟ್ಟ. "ಅಮೆರಿಕಾದ್ದು ಐತ್ರಿ ಅಕ್ಕಾರ. ಸ್ಟಾಂಪ್ ಮಾತ್ರ ನಮ್ಮ ಹುಡುಗಗ ಇಡ್ರಿ" ಅಂದ.

ಅಮೆರಿಕಾದಲ್ಲಿದ್ದವಳು ನನ್ನ ಅಕ್ಕ ಶಾರದಾ. ಹುಬ್ಬಳ್ಳಿಯಲ್ಲಿ ನರ್ಸ್ ಕಲಿತು ಆ ದೇಶಕ್ಕೆ ಹೋಗಿ ಹದಿನೈದು ವರ್ಷವಾಗಿತ್ತು. ಬಂದದ್ದು ಎರಡೇ ಸಲ. ಅಲ್ಲಿಯ ಪೌರತ್ವ ಸಿಕ್ಕ ಕೂಡಲೇ ಅವಳು ಮೊದಲು ಮಾಡಿದ ಕೆಲಸವೆಂದರೆ ನನ್ನನ್ನೂ ನನ್ನ ಸಂಸಾರವನ್ನೂ ಕರೆಸಿಕೊಳ್ಳಲು ಸರ್ಕಾರಕ್ಕೆ ಅರ್ಜಿ ಹಾಕಿದ್ದು. ನಾನೇನು ಹಟ ಹಿಡಿದಿರಲಿಲ್ಲ. ಅವಳೇ "ನೀ ಇಲ್ಲದ ನನಗ ಸೇರೂದಿಲ್ಲ" ಎಂದು ಪ್ರತಿ ಪತ್ರದಲ್ಲೂ ಬರೆಯುತ್ತಿದ್ದಳು.

ಲಕೋಟೆಯಲ್ಲಿ ಸರ್ಕಾರದ ಇಂಗ್ಲಿಷ್ ಕಾಗದದ ಪ್ರತಿಯೊಂದಿತ್ತು, ಅಕ್ಕನ ಪತ್ರವೂ ಇತ್ತು. "ಕಸ್ತೂರಿ, ನಾವು ಖರೇನ ಅಕ್ಕ-ತಂಗಿ ಹೌದೋ ಅಲ್ಲೋ ಅಂತ ಕೇಳ್ಯಾರ. ಹನ್ನೆರಡು ವಾರದಾಗ ಇನ್ನಷ್ಟು ಪುರಾವೆ ಕೊಡಬೇಕಂತ. ಇಲ್ಲಂದ್ರ ಅರ್ಜಿ ರದ್ದು. ಅರ್ಜಿ ಹೋದ್ರ ಹೋಗಲಿ, ನಾ ಸುಳ್ಳು ಹೇಳೇನಿ ಅಂತ ಅವರ ಕಡತದಾಗ ಉಳೀತೈತಲ್ಲ, ಅದಕ್ಕ ನನಗ ನಿದ್ದಿ ಬರವಲ್ದು." ಅಕ್ಷರಗಳು ಅಲ್ಲಲ್ಲಿ ಕದಡಿದ್ದವು. ಟಪಾಲಿನಲ್ಲೇ ಎರಡು ವಾರ ಹೋಗಿದ್ದವು.

ಮರುದಿನವೇ ಅವ್ವನನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೋದೆ. ಅಲ್ಲಿ ನಮ್ಮವರ ಪರಿಚಯದ ಒಬ್ಬ ವಕೀಲರಿದ್ದರು. ಅವರು ಕಾಗದವನ್ನು ಎರಡು ಸಲ ಓದಿ, ನಮ್ಮಿಬ್ಬರ ಶಾಲಾ ಸರ್ಟಿಫಿಕೇಟನ್ನು ಅಕ್ಕಪಕ್ಕ ಇಟ್ಟು ನೋಡಿ ನಗತೊಡಗಿದರು.

"ಇಲ್ಲಿ ನೋಡವಾ. ನಿಮ್ಮಕ್ಕ ಹುಟ್ಟಿದ್ದು ಫೆಬ್ರುವರಿ ಒಂದು. ನೀ ಹುಟ್ಟಿದ್ದು ಅದಽ ವರ್ಷ ಜೂನ್ ಒಂದು. ಒಬ್ಬ ತಾಯಿ ನಾಲ್ಕು ತಿಂಗಳದಾಗ ಎರಡು ಸಲ ಹೆಂಗ ಹಡದಾಳು ಅಂತ ಕೇಳಾಕತ್ತಾರ. ಅವರ ಸಂಶಯ ಬರೋಬ್ಬರಿ ಐತಿ."

ನಾನು ಅವ್ವನ ಮುಖ ನೋಡಿದೆ. ಚಿಕ್ಕಂದಿನಲ್ಲಿ ಅಕ್ಕ ನನ್ನನ್ನು ಕಾಡುತ್ತಿದ್ದುದು ಒಂದೇ ಮಾತಿನಿಂದ: "ನಿನ್ನ ಅವ್ವ ಹಡದಿಲ್ಲ, ಎರಡು ಸೇರು ತೌಡು ಕೊಟ್ಟು ತಂದೀವಿ." ಆ ಮಾತಿಗೆ ನಾನು ಅತ್ತು ಅತ್ತು ಮನೆ ತುಂಬಿಸುತ್ತಿದ್ದೆ. ಈಗ ಮೂವತ್ತಾರು ವರ್ಷದ ಹೆಂಗಸು, ಎರಡು ಮಕ್ಕಳ ತಾಯಿ, ವಕೀಲರ ಎದುರಿಗೇ ಕೇಳಿಬಿಟ್ಟೆ: "ಅವ್ವಾ, ಖರೇ ಹೇಳು. ತೌಡಿಗೆ ತಂದಿದ್ದಿ ಏನ?"

ಅವ್ವ ನನ್ನ ಬೆನ್ನಿಗೊಂದು ಗುದ್ದಿದಳು. "ಹುಚ್ಚಿ, ನಾಲ್ಕು ತಿಂಗಳಲ್ಲ, ನಾಲ್ಕು ವರ್ಷ ಐತಿ ನಿಮ್ಮಿಬ್ಬರ ನಡುವ! ಇದು ಆ ಮಾಸ್ತರ್ರು ಮಾಡಿದ ಉಪದ್ವ್ಯಾಪ."

ಆಮೇಲೆ ಅವ್ವ ಹೇಳಿದ್ದು ಹೀಗೆ. ಅಪ್ಪ ತೀರಿಕೊಂಡ ಮೇಲೆ ಅವಳು ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ನನ್ನನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲೇ ಉಳಿಯಬೇಕಾಯಿತು. ಎಂಟು ವರ್ಷವಾದರೂ ಅವಳು ಶಾಲೆ ಕಂಡಿರಲಿಲ್ಲ. ಕೊನೆಗೊಂದು ದಿನ ಅವಳನ್ನು ಹೆಸರು ಹಚ್ಚಿಸಲು ಕರೆದೊಯ್ದರೆ ನಾಲ್ಕು ವರ್ಷದ ನಾನೂ ಬೆನ್ನು ಹತ್ತಿದೆ, ಅವಳ ಲಂಗ ಹಿಡಿದವಳು ಬಿಡಲೇ ಇಲ್ಲ. ಬೇಸತ್ತ ಮಾಸ್ತರರು ಇಬ್ಬರನ್ನೂ ಒಂದೇ ದಿನ ಒಂದನೇ ಇಯತ್ತೆಗೆ ಸೇರಿಸಿಕೊಂಡರು.

"ನಮ್ಮಂತಾವರ ಮಕ್ಕಳ ಹುಟ್ಟಿದ ತಾರೀಖು ಆವಾಗ ಮಾಸ್ತರ್ರಽ ಹುಟ್ಟಿಸ್ತಿದ್ರು" ಎಂದಳು ಅವ್ವ. ಹೆರಿಗೆ ಮಾಡಿಸಿದ್ದ ಹುಸೇನಬಿ ತೀರಿಕೊಂಡು ಹತ್ತು ವರ್ಷವಾಗಿತ್ತು. ನಾವು ಮನೆಯಲ್ಲಿ ಹುಟ್ಟಿದವರು, ಎಲ್ಲಿಯೂ ಯಾರೂ ಬರೆಸಿರಲಿಲ್ಲ.

ವಕೀಲರು, "ಹಂಗಾದ್ರ ಆ ಮಾಸ್ತರ್ರನ್ನ ಹುಡುಕ್ರಿ. ತಪ್ಪು ಬರದಾವರಽ 'ನಾ ಬರದದ್ದು ತಪ್ಪು' ಅಂತ ಪ್ರಮಾಣಪತ್ರ ಕೊಟ್ರ ಅದಕ್ಕ ತೂಕ ಐತಿ. ಹಿರಿಯಾರದು, ನೆರೆಯವರದು, ನಿಮ್ಮದು ಅದರ ಜೋಡಿ ಹಚ್ಚೋಣ" ಅಂದರು.

ಮಾಸ್ತರರು, ಗುರುಶಾಂತಪ್ಪನವರು, ನಿವೃತ್ತರಾಗಿ ಹಲಗೇರಿಯಲ್ಲಿದ್ದಾರೆಂದು ವಿಚಾರಿಸಿ ತಿಳಿದುಕೊಂಡೆವು. ಬಸ್ಸಿನಲ್ಲಿ ಹೋದರೆ ಅವರು ಕಟ್ಟೆಯ ಮೇಲೆ ಕುಳಿತು ಬೀಜಕ್ಕೆಂದು ಶೇಂಗಾ ಸುಲಿಯುತ್ತಿದ್ದರು. ಬರ್ರಿ, ಕುಂದ್ರಿ ಎಂದು ಚಹಾ ಕೊಡಿಸಿದರು. ವಿಷಯ ಕೇಳಿದ್ದೇ ತಡ, ಮುಖ ಸಣ್ಣದಾಯಿತು.

"ನಾ ಸುಳ್ಳು ತಾರೀಖು ಬರದೆ ಅಂತ ಸಹಿ ಮಾಡೂದಾ? ಅದೂ ಅಮೆರಿಕಾ ಸರ್ಕಾರಕ್ಕ? ನಾಳೆ ನನ್ನ ಪೆನ್ಶನ್ ನಿಂತ್ರ ಏನು ಮಾಡ್ಲಿ?"

ವಕೀಲರು ಹೇಳಿ ಕಳಿಸಿದ್ದನ್ನೆಲ್ಲ ನಾನು ಒಪ್ಪಿಸಿದೆ. ಪೆನ್ಶನ್ನಿಗೂ ಇದಕ್ಕೂ ಸಂಬಂಧವಿಲ್ಲ ಅಂದೆ. ಅವರು ತಲೆ ಎತ್ತದೆ ಶೇಂಗಾ ಸುಲಿಯುತ್ತಲೇ ಇದ್ದರು. ಉಳಿದ ಹತ್ತು ವಾರದಲ್ಲಿ ಇನ್ಯಾರು ಸಿಗುತ್ತಾರೆ ಎಂದು ನಾನು ಅವ್ವನ ಕಡೆ ತಿರುಗಿದೆ.

ಆಗ ಅವ್ವ ಸುಮ್ಮನೆ ಹೋಗಿ ಅವರ ಎದುರು ಕುಳಿತು ತಾನೂ ಒಂದು ಹಿಡಿ ಶೇಂಗಾ ತೆಗೆದುಕೊಂಡು ಸುಲಿಯತೊಡಗಿದಳು. "ಮಾಸ್ತರ್ರ, ಆ ದಿನ ನೆನಪೈತಿ ಏನ್ರಿ? ಇಕಿ ಜಗ್ಗಿದ ರಭಸಕ್ಕ ಶಾರದಾನ ಲಂಗದ ಹೊಲಿಗಿ ಬಿಚ್ಚಿ, ಹುಡುಗಿ ನಾಚಿಕಿಗೆ ಅಳಾಕತ್ತಿದ್ಲು. ನೀವು ನಿಮ್ಮ ಅಂಗಿಯ ಪಿನ್ ತಗದು ಹಚ್ಚಿದ್ರಿ."

ಮಾಸ್ತರರ ಕೈ ನಿಂತಿತು. "ಗುಂಡಿ ಹರಿದಿತ್ತಂತ ಪಿನ್ ಹಾಕ್ಕೊಂಡಿದ್ದೆ" ಅಂದರು. "ಇಡೀ ದಿನ ಎದಿ ತೆರಕೊಂಡು ಪಾಠ ಮಾಡೇನಿ." ಮುದುಕರು ನಕ್ಕರು. "ಸಣ್ಣಾಕಿನ್ನ ಸೇರಿಸ್ಕೊಳ್ಳಾಕ ಆರು ವರ್ಷ ಅಂತ ಬರೀಬೇಕಿತ್ತು. ದೊಡ್ಡಾಕಿಗೆ ಎಂಟು ಅಂತ ಬರದ್ರ, ಇಷ್ಟು ದಿವಸ ಯಾಕ ಸಾಲಿಗೆ ಹಾಕಲಿಲ್ಲ ಅಂತ ಮ್ಯಾಲಿನವರು ಕೇಳ್ತಿದ್ರು. ಅವಳಿ ಅನ್ನೋಣಂದ್ರ ಒಬ್ಬಾಕಿ ನನ್ನ ಸೊಂಟದ ಮಟ, ಇನ್ನೊಬ್ಬಾಕಿ ಮೊಣಕಾಲ ಮಟ! ಅದಕ್ಕ ನಡುವ ನಾಲ್ಕು ತಿಂಗಳು ಇಟ್ಟೆ. ಲೆಕ್ಕದ ಮಾಸ್ತರ ಆಗಿ ಲೆಕ್ಕ ಹಾಕಲಿಲ್ಲ ನೋಡವಾ."

ಒಳಗೆ ಹೋಗಿ ಪೆನ್ನು, ಗೆರೆ ಹಾಕಿದ ಕಾಗದ ತಂದರು. ತಾವೇ ಬರೆಯುತ್ತೇನೆಂದರು. ಮುತ್ತಿನಂಥ ಅಕ್ಷರದಲ್ಲಿ, ಎಡಗಡೆ ಅಂಚು ಬಿಟ್ಟು ಮೂರು ಪುಟ ಬರೆದರು. ನಮ್ಮನ್ನು ಹಡೆದವಳ ಹೆಸರು, ಓಣಿ, ಅವ್ವ ಮಾಡುತ್ತಿದ್ದ ಕೆಲಸ, ನನ್ನ ಅಳು, ಪಿನ್ನು, ಯಾವುದನ್ನೂ ಬಿಡಲಿಲ್ಲ.

ಮರುವಾರ ರಾಣೆಬೆನ್ನೂರಿನಲ್ಲಿ ಮಾಸ್ತರರನ್ನು ಕೂರಿಸಿಕೊಂಡು ಅದನ್ನು ಇಂಗ್ಲಿಷ್ ಮಾಡುವಾಗ ವಕೀಲರು ತಲೆ ಕೆರೆದುಕೊಂಡರು. "ಮಾಸ್ತರ್ರ, ಲಂಗದ ಹೊಲಿಗಿ ಬಿಚ್ಚಿದ್ದು ಅಮೆರಿಕಾದವರಿಗೆ ಯಾಕ್ರಿ? ತಗದು ಬಿಡೋಣ."

"ಅಲ್ಲಿ ಕುಂತ ಸಾಹೇಬಗೂ ಒಬ್ಬ ತಂಗಿ ಇರಬೇಕಲ್ರಿ ವಕೀಲರ" ಅಂದರು ಮಾಸ್ತರರು. "ತಾರೀಖು ನಾ ಸುಳ್ಳು ಬರದಿದ್ದೆ. ಇದೊಂದಽ ಆ ದಿನದ್ದು ಖರೇ. ಇದನ್ನ ತಗದ್ರ ನಾ ಸಹಿ ಹಾಕೂದಿಲ್ಲ."

ಟೈಪಿಸ್ಟ್ ಒತ್ತಿ ಒತ್ತಿ ಅದನ್ನೂ ಟೈಪ್ ಮಾಡಿದ. ಅವ್ವ ತನ್ನ ಪ್ರಮಾಣಪತ್ರಕ್ಕೆ ಹೆಬ್ಬಟ್ಟು ಒತ್ತಿದಳು. ನಮ್ಮೊಂದಿಗೆ ಬಂದಿದ್ದ ಓಣಿಯ ಇಬ್ಬರು ಹಿರಿಯರೂ ಸಹಿ ಹಾಕಿದರು. ಮಾಸ್ತರರು ಸಹಿ ಮಾಡುವಾಗ ನನಗೆ ಅಳು ಬಂತು. ನನ್ನ ಒಂದು ಹಟಕ್ಕಾಗಿ ಒಬ್ಬರು ಅಂದು ಸುಳ್ಳು ಬರೆದಿದ್ದರು, ಇಂದು ಆ ಸುಳ್ಳನ್ನು ತಾವೇ ಒಪ್ಪಿಕೊಳ್ಳುತ್ತಿದ್ದರು. ಕಾಲಿಗೆ ಬಿದ್ದೆ. "ಏಳವಾ, ಬಸ್ ಹೋಗತೈತಿ" ಅಂದರು.

ರಜಿಸ್ಟರ್ ಟಪಾಲು ಹೋದ ಮೇಲೆ ನಾನು ದಿನಾ ಪೋಸ್ಟ್‌ಮನ್ನನ ದಾರಿ ಕಾದೆ. ಎಷ್ಟೋ ಕುಪ್ಪಸಗಳಿಗೆ ತೋಳು ಉಲ್ಟಾ ಹಚ್ಚಿದೆ. ಕೊನೆಗೆ ದೀಪಾವಳಿಯ ಹೊತ್ತಿಗೆ ಪಕ್ಕದ ಮೆಣಸಿನಕಾಯಿ ವ್ಯಾಪಾರಿಯ ಅಂಗಡಿಗೆ ಅಕ್ಕನ ಫೋನ್ ಬಂದಿದೆಯೆಂದು ಕೂಗಿ ಕರೆದರು. ಓಡಿದೆ.

"ಕಸ್ತೂರಿ, ಒಪ್ಪಿದ್ರವಾ, ಒಪ್ಪಿದ್ರು!" ಅಕ್ಕ ಆ ಕಡೆಯಿಂದ ಕಿರುಚಿದಳು. ನಾನೂ ಕಿರುಚಿದೆ. ಚೀಲ ಹೊರುತ್ತಿದ್ದ ಹಮಾಲರೆಲ್ಲ ನಿಂತು ಏನಾಯಿತೆಂದು ಕೇಳಿದರು. "ನಾನು ನಮ್ಮಕ್ಕನ ತಂಗಿ ಅಂತ ಅಮೆರಿಕಾ ಸರ್ಕಾರ ಒಪ್ತು!" ಅಂದೆ. ಅವರಲ್ಲಿ ಹಿರಿಯನೊಬ್ಬ ಚೀಲ ಸರಿಪಡಿಸಿಕೊಳ್ಳುತ್ತ, "ಅದು ನಮಗ ಮೊದಲಽ ಗೊತ್ತಿತ್ತಲ್ಲವಾ" ಅಂದ.

ಫೋನಿನಲ್ಲಿ ಅಕ್ಕ ದನಿ ತಗ್ಗಿಸಿದಳು. "ತೌಡಿಂದು ಮಾತ್ರ ಅವರಿಗೆ ಹೇಳಿಲ್ಲ ನಾನು."

ಮುಂದಿನ ಬೇಸಿಗೆಯಲ್ಲಿ ಅಕ್ಕ ರಜೆ ಹಾಕಿ ಬಂದಳು. ಬಂದ ಮೂರನೆಯ ದಿನವೇ, ಮಾಸ್ತರರನ್ನು ನೋಡಬೇಕೆಂದು ಹಟ ಹಿಡಿದಳು. ಹಲಗೇರಿಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಳಿದು ಓಣಿಯಲ್ಲಿ ನಡೆದು ಹೋದೆವು. ಕಟ್ಟೆಯ ಮೇಲಿದ್ದ ಮಾಸ್ತರರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ನಮ್ಮ ಮುಖ ನೋಡಲಿಲ್ಲ, ನನ್ನ ಕೈ ನೋಡಿದರು.

"ಇನ್ನೂ ಬಿಟ್ಟಿಲ್ಲೇನವಾ?" ಅಂದರು.

ಕೆಳಗೆ ನೋಡಿದರೆ ಬಸ್ಸಿನ ನೂಕುನುಗ್ಗಲಿನಲ್ಲಿ ಹಿಡಿದ ಅಕ್ಕನ ಸೆರಗು ನನ್ನ ಮುಷ್ಟಿಯಲ್ಲೇ ಇತ್ತು.

ಅರ್ಜಿ ಒಪ್ಪಿಗೆಯಾದರೂ ವೀಸಾದ ಸರದಿ ಉದ್ದವಿದೆಯಂತೆ. ವರ್ಷಗಳು ಕಳೆದು ಇದನ್ನು ಬರೆಯುತ್ತಿರುವ ಈ ಹೊತ್ತಿಗೂ ನನ್ನ ನಂಬರು ಬಂದಿಲ್ಲ. ಬಂದಾಗ ಬರಲಿ. ಮಾಸ್ತರರ ಮೂರು ಪುಟದ ಪ್ರತಿ ನನ್ನ ಟ್ರಂಕಿನಲ್ಲಿದೆ. ಅಕ್ಕ ನೆನಪಾಗಿ ಮನಸ್ಸು ಭಾರವಾದ ದಿನ ಅದನ್ನು ತೆಗೆದು ಪಿನ್ನಿನ ಸಾಲಿನವರೆಗೆ ಓದುತ್ತೇನೆ. ಅಲ್ಲಿಗೆ ಬಂದಾಗಲೆಲ್ಲ ನಗು ಬರುತ್ತದೆ, ಎದ್ದು ಕೆಲಸಕ್ಕೆ ಹೋಗುತ್ತೇನೆ.